ಬಣವಿಯ ಮೇಲಿನ ಪರದೆ

ಖಂಡೆಪ್ಪನ ಕುತ್ತಿಗೆ ಮತ್ತೆ ಎಡಕ್ಕೆ ವಾಲಿತು. ಹಣೆಗೆ ವಿಭೂತಿ ಹಚ್ಚಿ, ತಲೆಗೆ ಪಟಕಾ ಸುತ್ತಿ, ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿ ಹಲಗೆಯ ಮೇಲೆ ಕೂರಿಸಿ ಅಣ್ಣ ಅಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದದ್ದೇ ತಡ, ಹೆಣ ತನ್ನ ಹಳೆಯ ಚಾಳಿಗೆ ಬಿದ್ದಿತ್ತು. ಅಲ್ಲಪ್ಪ ಸಿಡಿಮಿಡಿಗೊಂಡು ತಲೆದಿಂಬು ತರಲು ಹೇಳಿದ. ಜೀವ ಇದ್ದಾಗಲೂ ಈ ತಮ್ಮ ನೆಟ್ಟಗೆ ಕೂತವನಲ್ಲ ಎಂದು ಗೊಣಗಿದ.

"ಇರಲಿ ಬಿಡ್ರಿ ಭಾವಾ," ಎಂದಳು ಮಾಯವ್ವ. "ಅವ್ರು ಏನರ ನೋಡಬೇಕಾದ್ರ ಹಂಗ ನೋಡೂದು."

ನಸುಕಿನಲ್ಲಿ ಚಹಾ ತೆಗೆದುಕೊಂಡು ಹೋಗಿ, ಗಂಡ ಇನ್ನು ಏಳುವುದಿಲ್ಲ ಎಂದು ತಿಳಿದ ಗಳಿಗೆಯಿಂದ ಅವಳು ಆಡಿದ ಮೊದಲ ಮಾತು ಅದು. ಅಂಗಳದಲ್ಲಿ ಕೂತ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಾತು ಮಾತ್ರ ಖರೆ ಇತ್ತು. ಕಲ್ಲೋಳಿಯಲ್ಲಿ ಅದನ್ನು ನೋಡದವರು ಯಾರಿದ್ದರು? ಗೋಕಾಕ ರಸ್ತೆಯ ಯಾವುದೋ ಗೋಡೆಗೆ ಪಂಪ್‌ಸೆಟ್ಟಿನ ಜಾಹೀರಾತು ಬರೆದು, ಏಣಿ ಇಳಿದು, ರಸ್ತೆಯ ನಟ್ಟನಡುವೆ ನಿಂತು ಕುತ್ತಿಗೆ ಎಡಕ್ಕೆ ವಾಲಿಸಿ ನೋಡುತ್ತಿದ್ದ ಮನುಷ್ಯ ಅವನು. ಕಬ್ಬಿನ ಗಾಡಿಯವರು ಹಾರ್ನ್ ಹೊಡೆದು ಸುಸ್ತಾಗಿ ಬಾಜೂಕ್ಕೆ ಗಾಡಿ ಇಳಿಸಿಕೊಂಡು ಹೋಗುತ್ತಿದ್ದರು. ಸಿಮೆಂಟು, ಬೀಜ, ಹಲ್ಲುಪುಡಿ, ಏನೇ ಇರಲಿ, ಹುಕ್ಕೇರಿಯಿಂದ ಮೂಡಲಗಿಯವರೆಗೆ ಗೋಡೆ ಮೇಲಿನ ಅಕ್ಷರ ದುಂಡಗಿದ್ದರೆ ಅದು ಖಂಡೆಪ್ಪನದೇ ಎನ್ನುವಂತಿತ್ತು.

ಮಗ ಸಾಗರ ಮೋಟಾರ್ ಸೈಕಲ್ಲಿನ ಹಿಂದೆ ಉದ್ದನೆಯ ಸುರುಳಿ ಕಟ್ಟಿಕೊಂಡು ಬಂದ. ಅವನದು ಮೂಡಲಗಿಯಲ್ಲಿ ಫ್ಲೆಕ್ಸ್ ಅಂಗಡಿ, ಹೋದ ವರ್ಷ ತೆರೆದದ್ದು. ಗೋಡೆಯ ಮೇಲೆ ಎರಡು ದಿನ ಹಿಡಿಯುತ್ತಿದ್ದ ಕೆಲಸವನ್ನು ಅವನ ಮಶೀನು ಚಹಾ ಕುಡಿದು ಮುಗಿಸುವುದರೊಳಗೆ ಮಾಡಿ ಬಿಸಾಡುತ್ತಿತ್ತು. ಅಪ್ಪನ ಅನ್ನಕ್ಕೆ ಮಗನೇ ಕಲ್ಲು ಹಾಕಿದ ಎಂದು ಜನ ಆಡಿಕೊಂಡರೂ ಖಂಡೆಪ್ಪ ಬ್ರಷ್ಷುಗಳನ್ನು ತೊಳೆದು ಡಬ್ಬಿಗೆ ಹಾಕಿ, ದಿನಾ ಬಸ್ಸು ಹತ್ತಿ ಹೋಗಿ ಮಗನ ಕಂಪ್ಯೂಟರಿನ ಪಕ್ಕ ಕೂರುತ್ತಿದ್ದ. ಹುಟ್ಟುಹಬ್ಬದ ಪುಢಾರಿಗಳ ಮುಖ ನೋಡಿ, "ಇವಗ ಇಷ್ಟ್ ಕೆಂಪ ತುಟಿ ಯಾಕೋ?" ಎಂದು ಕೇಳಿ ಮಗನನ್ನು ನಗಿಸುತ್ತಿದ್ದ.

ಸಾಗರ ಸುರುಳಿ ಬಿಚ್ಚಿದ. ಮತದಾರರ ಚೀಟಿಯಿಂದ ತೆಗೆದು ದೊಡ್ಡದು ಮಾಡಿದ ಅಪ್ಪನ ಮುಖ, ಹಿಂದೆ ಬಿಳಿ ಹಿಮದ ಗುಡ್ಡಗಳು, ಮೂಲೆಗೊಂದು ಗುಲಾಬಿ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅಳುತ್ತಲೇ ಕೂತು ಮಾಡಿದ್ದನೆಂದು ಅವನ ಕಣ್ಣು ಹೇಳುತ್ತಿದ್ದವು. ಅದನ್ನು ಹೆಣದ ಹಿಂದೆ ಕಟ್ಟಲು ಹಗ್ಗ ಹುಡುಕುವಷ್ಟರಲ್ಲಿ ಹುಕ್ಕೇರಿಯ ಬಸ್ಸಿಳಿದು ಶಿದ್ರಾಮ ಬಂದ.

ಶಿದ್ರಾಮ ನಾಟಕ ಕಂಪನಿಯಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದವನು. ಈಗ ಹುಕ್ಕೇರಿಯಲ್ಲಿ ಪಾನ್ ಅಂಗಡಿ. ಖಂಡೆಪ್ಪ ಅದೇ ಕಂಪನಿಗೆ ಪರದೆ ಬರೆಯುತ್ತಿದ್ದ ಕಾಲದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಬಂದವನೇ ಗೆಳೆಯನ ಪಾದಕ್ಕೆ ಹಣೆ ಹಚ್ಚಿ, ಬಹಳ ಹೊತ್ತು ಹಾಗೇ ಇದ್ದ. ಎದ್ದು ಮೂಗು ಒರೆಸಿಕೊಂಡು ಸುತ್ತ ನೋಡಿದ.

"ವೈನಿ, ಆ ಬೀದಿ ಪರದಿ ಎಲ್ಲೈತ್ರಿ? ಅಂವ ಮನಿಗೆ ತಂದಿದ್ದು?"

ಮಾಯವ್ವ ತಲೆ ತಗ್ಗಿಸಿದಳು. ಪರದೆ ಎಲ್ಲಿತ್ತೆಂದು ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಹಿತ್ತಲಲ್ಲಿ ಜೋಳದ ಕಣಿಕೆಯ ಮೇವಿನ ಬಣವಿಯ ಮೇಲೆ, ಚಿತ್ರ ಕೆಳಗಾಗಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿಕೊಂಡು ಬಿದ್ದಿತ್ತು. ಹಾಕಿದವಳು ಅವಳೇ.

*

ಮದುವೆಯಾಗಿ ಬಂದಾಗ ಗಂಡನ ಕಸುಬೇನೆಂದು ಮಾಯವ್ವನಿಗೆ ಸರಿಯಾಗಿ ತಿಳಿದಿರಲಿಲ್ಲ. ಚಿತ್ರ ಬರೆಯುತ್ತಾನೆ ಎಂದಿದ್ದರು. ಬರೆಯಲಿ ಬಿಡು, ಮನೆಯಲ್ಲೇ ಕೂತು ಬರೆದಾನು ಎಂದುಕೊಂಡಿದ್ದಳು. ಕಂಪನಿ ಈ ತಿಂಗಳು ನಿಪ್ಪಾಣಿ, ಮುಂದಿನ ತಿಂಗಳು ಜಮಖಂಡಿ, ಆಮೇಲೆ ಸೊಲ್ಲಾಪುರದ ಕಡೆ ಎಂದು ಸುತ್ತುತ್ತಲೇ ಇರುತ್ತದೆ, ಪರದೆಗಳು ಹೋದಲ್ಲಿ ಪೇಂಟರನೂ ಹೋಗುತ್ತಾನೆ, ಮನೆಗೆ ಬರುವುದು ಮಳೆ ಹಿಡಿದಾಗ ಮಾತ್ರ ಎಂದು ಆಮೇಲೆ ತಿಳಿಯಿತು. ಮಗ ಹುಟ್ಟಿದ್ದು, ನಡೆದದ್ದು, ಸಾಲೆಗೆ ಹೋದದ್ದು ಎಲ್ಲವನ್ನೂ ಖಂಡೆಪ್ಪ ಎರಡೆರಡು ತಿಂಗಳು ತಡವಾಗಿ ನೋಡಿದ.

ಗಂಡಸಿಲ್ಲದ ಮನೆ ಎಂದರೆ ಹಾದಿಯಲ್ಲಿ ಹೋಗುವವರೆಲ್ಲ ಒಮ್ಮೆ ಇಣುಕುತ್ತಾರೆ. ಅದಕ್ಕೆ ಅತ್ತೆ ಒಂದು ಉಪಾಯ ಹೇಳಿಕೊಟ್ಟಿದ್ದಳು. ಗಂಡನ ಹಳೆಯ ಚಪ್ಪಲಿ ಜೋಡನ್ನು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಇಡಬೇಕು. ಮಾಯವ್ವ ಇಟ್ಟಳು, ಸುಮ್ಮನೆ ಇಡಲಿಲ್ಲ. ದಿನಾ ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಅವುಗಳ ದಿಕ್ಕು ಬದಲಿಸುತ್ತಿದ್ದಳು. ಒಮ್ಮೆ ಮೂತಿ ಒಳಗೆ, ಒಮ್ಮೆ ಹೊರಗೆ. ಎಡಗಾಲಿನದನ್ನು ತುಸು ಹೊರಳಿಸಿ ಇಡುವುದು ಅವಳದೇ ಬುದ್ಧಿ. ಆತುರದಲ್ಲಿ ಬಿಟ್ಟು ಒಳಗೆ ಹೋದವರ ಚಪ್ಪಲಿ ಜೋಡಿಸಿಟ್ಟಂತೆ ಇರುವುದಿಲ್ಲವಲ್ಲ. ಯಾರಾದರೂ ಹೊರಗಿಂದ ಕೂಗಿದರೆ ಉತ್ತರವೂ ಬಾಯಿಪಾಠವಾಗಿತ್ತು.

ಒಂದು ದಿನ ಮಟಮಟ ಮಧ್ಯಾಹ್ನ ಯಾರೋ ಅಂಗಳದಿಂದ, "ಯಾರ್ ಬಂದಾರ್ ಒಳಗ?" ಎಂದು ಕೇಳಿದರು.

"ನಮ್ಮನಿಯವ್ರು ಮಲಗ್ಯಾರ್ರಿ. ಆಮ್ಯಾಲ ಬರ್ರಿ," ಎಂದಳು ಮಾಯವ್ವ, ರೊಟ್ಟಿಯ ಹೆಂಚಿನಿಂದ ಕಣ್ಣು ತೆಗೆಯದೆ.

ಹೊರಗಿನವರು ಸುಮ್ಮನಾದರು. ರೊಟ್ಟಿ ಬುಟ್ಟಿ ತುಂಬಿ, ಅವಳು ಕೈ ತೊಳೆಯಲು ಹೊರಗೆ ಬಂದಾಗ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಖಂಡೆಪ್ಪ ಕೂತಿದ್ದ, ಮಡಿಲಲ್ಲಿ ಚೀಲ. ಕಂಪನಿ ಹಿಡಕಲ್ಲಿನ ಕಡೆ ಹೊರಟಿತ್ತಂತೆ, ಒಂದು ಹೊತ್ತು ಮನೆಗೆ ಬಂದು ಹೋಗೋಣ ಎಂದು ನಡುವೆ ಇಳಿದಿದ್ದನಂತೆ.

"ನಿಮ್ಮನಿಯವ್ರು ಎದ್ರೇನು?" ಎಂದು ಕೇಳಿದ.

ಮಾಯವ್ವ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತ ಅವಳಿಗೇ ತಿಳಿಯದಂತೆ ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ನೋಡಿದರೆ ಗಂಡ ಆ ಹಳೆಯ ಚಪ್ಪಲಿಗಳ ಮುಂದೆ ನಿಂತಿದ್ದ, ಕುತ್ತಿಗೆ ಎಡಕ್ಕೆ ವಾಲಿಸಿಕೊಂಡು. ಸಂಜೆಯ ಬಸ್ಸಿಗೆ ಹೊರಟೂ ಹೋದ.

ಅದಾಗಿ ಕೆಲವೇ ದಿನಗಳಿಗೆ, ಇನ್ನೂ ನಾಟಕದ ಸುಗ್ಗಿ ಇರುವಾಗಲೇ, ಟೆಂಪೋದಲ್ಲಿ ಒಂದು ದೊಡ್ಡ ಪರದೆಯ ಸುರುಳಿ ಹಾಕಿಕೊಂಡು ಬಂದಿಳಿದ. ಕಂಪನಿ ಮುಳುಗಿತು ಎಂದ. ಮನೆ ಮನೆಗೆ ಟಿವಿ ಬಂದಾವೆ, ನಾಟಕ ನೋಡಲು ಯಾರು ಬರುತ್ತಾರೆ ಎಂದ. ಮಾಯವ್ವನಿಗೆ ಹಿಗ್ಗಿನ ಜೊತೆಗೇ ಎಲ್ಲೋ ಚುಚ್ಚಿತು. ಇಷ್ಟು ವರ್ಷ ಕರೆದರೂ ಬಾರದವನು ಬೇರೆ ಗತಿಯಿಲ್ಲದೆ ಬಂದಿದ್ದ. ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಆಡಿಯೇಬಿಟ್ಟಳು, ಅಲ್ಲಪ್ಪನ ಎದುರಿಗೇ: "ಕಂಪನಿಯವ್ರು ಹೊರಗ ಹಾಕಿದ ಮ್ಯಾಲ ಮನಿ ನೆನಪಾತು ನೋಡ್ರಿ."

ಖಂಡೆಪ್ಪ ಸುರುಳಿಯ ಹಗ್ಗಕ್ಕೆ ಕೈ ಹಾಕಿದ. ಪರದೆಯನ್ನು ಬಿಚ್ಚಿ ತೋರಿಸಲು ಬಂದಾಗ ಅವಳು ನೋಡುವುದಿಲ್ಲ ಎಂದಳು. ತನ್ನ ಸಂಸಾರದ ಅರ್ಧ ಆಯುಷ್ಯ ತಿಂದ ಬಟ್ಟೆ ಅದು, ಸವತಿಯನ್ನು ಕಣ್ಣಿಟ್ಟು ನೋಡುತ್ತಾರೆಯೇ? ಎಣ್ಣೆ ಬಣ್ಣದ ದಪ್ಪ ಬಟ್ಟೆ, ಮಳೆಗೆ ಗಟ್ಟಿ ಎಂದು ಬಣವಿಗೆ ಹೊದಿಸಿದಳು. ಆ ದಿನ ಗಂಡ ಬಣವಿಯ ಸುತ್ತ ಒಂದು ಸುತ್ತು ಬಂದು, ಒಂದು ಮೂಲೆಯ ಕಲ್ಲನ್ನು ಸರಿಯಾಗಿ ಇಟ್ಟು, ಕೈ ಝಾಡಿಸಿಕೊಂಡು ಗೋಡೆ ಬರೆಯುವ ಕೆಲಸ ಹುಡುಕಿಕೊಂಡು ಹೋದ.

ಮುಂದೆ ಅವರ ಮನೆಗೂ ಟಿವಿ ಬಂತು. ಸಂಜೆ ಅವಳು ಧಾರಾವಾಹಿ ನೋಡುತ್ತ ಕೂತರೆ ಅವನು ಟಿವಿಯ ನೆತ್ತಿ ತಟ್ಟಿ, "ಇದ ನೋಡು ನನ್ನ ಮನಿಗೆ ಕಳಿಸಿದ್ದು," ಎನ್ನುತ್ತಿದ್ದ, ನಗುತ್ತ. ಆ ನಗುವಿನೊಳಗೆ ಏನಿದೆ, ಸಂತೋಷವೋ ಸಂಕಟವೋ ಎಂದು ಅವಳಿಗೆ ಎಂದೂ ತಿಳಿಯಲಿಲ್ಲ. ಕೇಳಬೇಕು ಕೇಳಬೇಕು ಎಂದುಕೊಂಡೇ ಹನ್ನೆರಡು ವರ್ಷ ಕಳೆದವು.

*

"ಬಣವಿ ಮ್ಯಾಲೈತಿ," ಎಂದಳು ಮಾಯವ್ವ ತಲೆ ಎತ್ತದೆ.

ಶಿದ್ರಾಮ ಅವಳ ಎದುರಿಗೆ ನೆಲದ ಮೇಲೆ ಕೂತ. ಬೈಯುತ್ತಾನೇನೋ ಎಂದು ಅವಳು ಕಾದಳು, ಅವನು ಬೈಯಲಿಲ್ಲ. ಆ ಪರದೆಯ ಕತೆ ಹೇಳತೊಡಗಿದ. ಹೆಣದ ಮುಂದೆ ಕೂತರೂ ಹಾಸ್ಯದ ಪಾತ್ರದವನ ನಾಲಿಗೆ, ನಾಲ್ಕು ಮಾತಿಗೆ ಹೆಂಗಸರೂ ಹತ್ತಿರ ಸರಿದು ಕಿವಿಗೊಟ್ಟರು. ಯಾವ ನಾಟಕವಿದ್ದರೂ ಒಂದು ಬೀದಿಯ ಪರದೆ ಬೇಕಂತೆ, ಎರಡೂ ಕಡೆ ಮನೆ, ನಡುವೆ ದೂರಕ್ಕೆ ಓಡುವ ರಸ್ತೆ. ಖಂಡೆಪ್ಪ ಬರೆದ ಬೀದಿಯಲ್ಲಿ ಎಲ್ಲ ಮನೆಯ ಬಾಗಿಲೂ ಮುಚ್ಚಿರುತ್ತಿದ್ದವು. ಎಡಗಡೆಯ ಎರಡನೇ ಮನೆಯದೊಂದು ಮಾತ್ರ ಅರ್ಧ ತೆರೆದ ಹಸಿರು ಬಾಗಿಲು. ನಟರೆಲ್ಲ ಅದನ್ನೇ ಗುರುತು ಹಿಡಿದು ನಿಲ್ಲುತ್ತಿದ್ದರು. ಒಮ್ಮೆ ಹುಕ್ಕೇರಿ ಕ್ಯಾಂಪಿನಲ್ಲಿ ಹೊಸದಾಗಿ ಸೇರಿದ ಖಳನಾಯಕನೊಬ್ಬ ತುಸು ಏರಿಸಿಕೊಂಡು ಬಂದವನು, ಮಾತು ಮುಗಿಸಿ ಠೀವಿಯಿಂದ ಆ ಬಾಗಿಲೊಳಗೇ ಹೋಗಲು ನೋಡಿ, ಮೂಗು ಜಜ್ಜಿಕೊಂಡು, ಪರದೆ ಸಮೇತ ಹಾರ್ಮೋನಿಯಂ ಮೇಲೆ ಬಿದ್ದನಂತೆ. ಜನ ಅದನ್ನೇ ಇನ್ನೊಮ್ಮೆ ಮಾಡಿ ತೋರಿಸು ಎಂದು ಸೀಟಿ ಹೊಡೆದರಂತೆ.

ಸೊಸೆ ಭಾಗ್ಯಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಮಾಯವ್ವ ತಿರುಗಿ ತನ್ನ ಮನೆಯ ಬಾಗಿಲು ನೋಡಿದಳು. ಹಸಿರು ಬಣ್ಣದ್ದು. ವರ್ಷಕ್ಕೊಮ್ಮೆ ಅವನೇ ಹಚ್ಚುತ್ತಿದ್ದ ಹಸಿರು.

"ಕಂಪನಿ ಮುಳುಗಿದ್ ಮ್ಯಾಲ ನೀವೆಲ್ಲ ಭಾಳ ತ್ರಾಸ ಪಟ್ಟಿರಬೇಕು," ಎಂದಳು, ಮಾತು ಬೇರೆ ಕಡೆ ತಿರುಗಿಸಲು.

ಶಿದ್ರಾಮ ಗೆಳೆಯನ ಕಡೆ ನೋಡಿ, ಇನ್ನು ಹೇಳಲೇನೋ ಎಂದು ಕೇಳುವವನಂತೆ, ನಿಧಾನಕ್ಕೆ ಹೇಳಿದ.

"ಅಂವ ಬಿಟ್ಟಾಗ ಕಂಪನಿ ಎಲ್ಲಿ ಮುಳುಗಿತ್ರಿ ವೈನಿ? ಅದಾದ ಮ್ಯಾಲ ಐದಾರ ವರ್ಷ ನಡೀತು. ಹೊಸಾ ನಾಟಕಕ್ಕ ಎಲ್ಲಾ ಪರದಿ ನೀನ ಬರಿ ಅಂತ ಮಾಲಕ ಕೈ ಹಿಡದ. ಒಲ್ಲೆ ಅಂದ. ಊರಿಗೆ ಬಂದು ಹೋದ ಮರುದಿನ ಆ ಹಸರ ಬಾಗಲದ ಮುಂದ ದಿನಾಪೂರ್ತಿ ಕುಂತು ಅದೇನೋ ತಿದ್ದಿದ. ಮುಗಿಸಿ ಎದ್ದು, ಈ ಪರದಿ ಒಂದ ಕೊಡ್ರಿ, ನಾ ಮನಿಗೆ ಹೊಕ್ಕೀನಿ ಅಂದ."

ಹಾಗಾದರೆ ಸುಳ್ಳು ಯಾಕೆ ಹೇಳಿದರು ಎಂದು ಮಾಯವ್ವ ಕೇಳಿದಳು.

"ನಾನೂ ಕೇಳಿದ್ನಿ. ಕಂಪನಿ ಇನ್ನೂ ಐತಿ ಅಂದ್ರ ಆಕಿಗೆ ನಿದ್ದಿ ಹತ್ತೂದಿಲ್ಲ, ಮತ್ತ ಯಾವಾಗ ಹೊಕ್ಕಾನು ಅಂತ ಎದಿ ಹಾರತಿರತೈತಿ. ಕಂಪನೀನ ಇಲ್ಲ ಅಂದ್ರ ನಿಶ್ಚಿಂತಿ ಮಲಗತಾಳ ಅಂದ."

ಅಷ್ಟಕ್ಕೇ ನಿಲ್ಲಲಿಲ್ಲ ಅವನ ಗೆಳೆಯ. ಮುಂದೊಂದು ವರ್ಷ ಅದೇ ಕಂಪನಿ ಮೂಡಲಗಿಯಲ್ಲಿ ಕ್ಯಾಂಪು ಹಾಕಿತ್ತಂತೆ. ಸುತ್ತಲ ಹಳ್ಳಿಗೆಲ್ಲ ಪೋಸ್ಟರ್ ಹಚ್ಚಿಸಿದರೆ ಕಲ್ಲೋಳಿಯಲ್ಲಿ ಮಾತ್ರ ಒಂದೂ ಉಳಿಯಲಿಲ್ಲ. ಹಚ್ಚಿ ಬೆನ್ನು ತಿರುಗಿಸುವುದರೊಳಗೆ ಖಂಡೆಪ್ಪ ಸುಣ್ಣ ಬಳಿದು ಅದರ ಮೇಲೆ ಪಂಪ್‌ಸೆಟ್ಟು ಬರೆದು ಮುಗಿಸಿರುತ್ತಿದ್ದ. ಮಾಯವ್ವನಿಗೆ ಆ ವಾರ ಚೆನ್ನಾಗಿ ನೆನಪಿತ್ತು. ಹೊತ್ತು ಹುಟ್ಟುವ ಮೊದಲೇ ಸುಣ್ಣದ ಬಕೀಟು ಹಿಡಿದು ಹೋಗುತ್ತಿದ್ದವನನ್ನು, ಯಾವ ಕಂಪನಿಯವರು ಇಷ್ಟು ಗೋಡೆ ಹಿಡಿದಾರೆ ಎಂದು ಕೇಳಿದ್ದಳು. ಭಾಳ ದೊಡ್ಡ ಕಂಪನಿ ಎಂದಿದ್ದ.

ಅವಳು ಎದ್ದು ನಿಂತಳು. "ಸಾಗರಾ, ಆ ಪರದಿ ತಗೀರಿ. ಅದನ್ನ ಕಟ್ರಿ ಅವ್ರ ಹಿಂದ."

ಅಲ್ಲಪ್ಪ ಆಕಾಶ ತೋರಿಸಿದ. ಶಿವರಾತ್ರಿ ಕಳೆದಿದ್ದರೂ ಹಿಡಕಲ್ಲಿನ ಕಡೆಯಿಂದ ಅಕಾಲದ ಮೋಡ ಏರಿ ಬಂದಿತ್ತು. ವರ್ಷದ ಮೇವು ತೊಯ್ದರೆ ದನ ಏನು ತಿನ್ನಬೇಕು ಎಂದ. ಸಾಗರ ಕೈಯಲ್ಲಿದ್ದ ಹಗ್ಗವನ್ನೂ ತಾನು ತಂದ ಫ್ಲೆಕ್ಸನ್ನೂ ನೋಡಿದ. ಅವನಿಗೂ ನೋವಾಗಿತ್ತು, ಮಾಯವ್ವನಿಗೆ ಅದು ಕಾಣಿಸಿತು. ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈ ಇಟ್ಟು, ನಿನ್ನದನ್ನು ರಸ್ತೆಗೆ ಕಾಣುವಂತೆ ಹೊರಗೆ ಕಟ್ಟು, ಬಂದವರಿಗೆ ಮನೆ ಗುರುತು ಸಿಗಲಿ ಎಂದಳು. ಮಗ ತಲೆಯಾಡಿಸಿದ. ಅಂಗಡಿಯಲ್ಲಿ ಹಿಂದಿನ ಚುನಾವಣೆಯ ಹಳೆಯ ಫ್ಲೆಕ್ಸುಗಳಿದ್ದವು, ತರಲು ಗೆಳೆಯನನ್ನು ಮೂಡಲಗಿಗೆ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಬಣವಿಯ ಮೇಲೆ ಸೋತ ಉಮೇದುವಾರನೊಬ್ಬ ಎರಡೂ ಕೈ ಮುಗಿದು ಮಲಗಿ ಆಕಾಶಕ್ಕೆ ನಗುತ್ತಿದ್ದ.

*

ಪರದೆ ಬಿಚ್ಚಿದಾಗ ಹಳೆಯ ಕಣಿಕೆಯ ವಾಸನೆ ಅಂಗಳ ತುಂಬಿತು. ಎಡಗಡೆಯ ಅಂಚನ್ನು ಇಲಿ ತಿಂದು ಜಾಳಿಗೆ ಮಾಡಿದ್ದವು. ಅಷ್ಟನ್ನು ಹಿಂದಕ್ಕೆ ಮಡಿಚಿ, ಕೊಟ್ಟಿಗೆಯ ಮುಂದಿನ ಹಂದರದ ಎರಡು ಕಂಬಗಳ ನಡುವೆ ಬಿಗಿದು, ಹೆಣವನ್ನು ಹಲಗೆ ಸಮೇತ ತುಸು ಮುಂದೆ ಸರಿಸಿ ಅದರ ಮುಂದೆ ಇಟ್ಟರು. ಬಣ್ಣ ಮಂಕಾಗಿತ್ತು, ಅಲ್ಲಲ್ಲಿ ದಂಟಿನ ಗೆರೆ ಮೂಡಿತ್ತು. ಆದರೂ ಬೀದಿ ಇತ್ತು. ಎರಡೂ ಕಡೆ ಮನೆಗಳು, ದೂರಕ್ಕೆ ಓಡುವ ರಸ್ತೆ, ಅದರ ತುದಿಗೆ ಒಂದು ಬೇವಿನ ಮರ. ಇದು ನಮ್ಮ ಓಣಿಯ ಬೇವು ಅಲ್ಲವೇನು ಎಂದು ಯಾರೋ ಅಂದರು.

ಮಾಯವ್ವ ಹಸಿರು ಬಾಗಿಲು ಹುಡುಕಿದಳು. ಬಲಗಡೆ ಎಲ್ಲ ಮುಚ್ಚಿದ ಬಾಗಿಲುಗಳು. ಎಡಗಡೆ ಮಡಿಕೆಯ ಹತ್ತಿರ ಒಂದು ಕಂದು ಬಾಗಿಲು, ಅದೂ ಮುಚ್ಚಿದ್ದು. ಎಡಗಡೆಯ ಎರಡನೇ ಮನೆ ಎಂದಿದ್ದ ಶಿದ್ರಾಮ. ಮಡಿಚಿದ ಭಾಗದಲ್ಲಿ ಹೋಗಿರಬೇಕು. ಅವಳು ಹೋಗಿ ಮಡಿಕೆ ಎತ್ತಿ ನೋಡಿದಳು, ತೂತು ಬಿಟ್ಟರೆ ಏನೂ ಇರಲಿಲ್ಲ. ಇಲಿ ತಿಂದದ್ದಲ್ಲ ಅದು, ತಾನೇ ತಿನ್ನಿಸಿದ್ದು. ಅವರು ಒಂದು ದಿನ ಪೂರ್ತಿ ಕೂತು ಅಲ್ಲಿ ಏನು ತಿದ್ದಿದ್ದರೋ, ಇನ್ನು ಯಾರನ್ನು ಕೇಳುವುದು? ಬೆಳಗಿನಿಂದ ತಡೆದಿದ್ದ ಅಳು ಆಗ ಒಡೆಯಿತು. ಹೆಂಗಸರು ಅವಳನ್ನು ಹಿಡಿದು ಕೂರಿಸಿದರು, ಗಂಡನಿಗಾಗಿ ಅಳುತ್ತಾಳೆ ಎಂದುಕೊಂಡರು. ಅದೂ ಸುಳ್ಳಲ್ಲ.

ಭಜನೆಯವರು ಬಂದರು. ಮೂಡಲಗಿಯಿಂದ, ಗೋಕಾಕದಿಂದ ಅಂಗಡಿಯವರು ಮಾಲೆ ತಂದರು. ಹೂವಿನ ರಾಶಿಯ ನಡುವೆ ಖಂಡೆಪ್ಪ ಕುತ್ತಿಗೆ ವಾಲಿಸಿಕೊಂಡು ಬಂದವರನ್ನೆಲ್ಲ ಒಂದು ಹದದಿಂದ ನೋಡುತ್ತಿದ್ದ. ಅಲ್ಲಪ್ಪ ಹಾಸಿಗೆ, ಹೊದಿಕೆ, ಉಟ್ಟ ಬಟ್ಟೆ, ಚಪ್ಪಲಿ ಎಲ್ಲವನ್ನೂ ಪದ್ಧತಿಯಂತೆ ಒಂದು ಗಂಟು ಕಟ್ಟಿಸಿ, ಹೆಣದ ಜೊತೆ ಕಳಿಸಲು ಕೊಟ್ಟಿಗೆಯ ಮೂಲೆಗೆ ಇಡಿಸಿದ. ಹೊತ್ತು ಇಳಿಯುವುದರೊಳಗೆ ಮಣ್ಣಿಗೆ ಹೋಗಬೇಕು, ಮಳೆಯೂ ಬರುವಂತಿದೆ ಎಂದು ಅವಸರ ಮಾಡಿದ. ಹೆಂಗಸರು ಮಣ್ಣು ಮಾಡುವ ಹೊಲದವರೆಗೆ ಹೋಗುವ ರೂಢಿ ಇರಲಿಲ್ಲ. ಮಾಯವ್ವ ಆರತಿ ಬೆಳಗಿ, ಗಂಡನ ಪಾದ ಮುಟ್ಟಿ, ಬಾಜೂಕ್ಕೆ ಸರಿದು ನಿಂತಳು.

ನಾಲ್ಕು ಜನ ಬಗ್ಗಿ, ಖಂಡೆಪ್ಪನನ್ನು ಹಲಗೆಯಿಂದ ಎತ್ತಿ, ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿದರು. ಮಾಲೆಗಳೂ ಅವನ ಜೊತೆಗೇ ಎದ್ದವು.

ಅವನು ಕೂತ ಜಾಗದ ಹಿಂದೆ ಒಂದು ಹಸಿರು ಬಾಗಿಲಿತ್ತು.

ಪರದೆ ಕಟ್ಟಿದಾಗಿನಿಂದ ಅವನ ಬೆನ್ನಿಗೇ ಇತ್ತು. ಅಂಚು ಮಡಿಚಿದ್ದರಿಂದ ಎಡಗಡೆಯ ಎರಡನೇ ಮನೆ ಸರಿದು ನಡುವಿಗೆ ಬಂದು, ಅವನ ಹಿಂದೆ ಮುಚ್ಚಿಹೋಗಿತ್ತು. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಒಲೆಯ ಬೆಳಕಿನಂಥದೇನೋ ಕೆಂಪಗೆ. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಒಂದು ಜೋಡು ಗಂಡಸಿನ ಚಪ್ಪಲಿ. ಅಷ್ಟು ಹಣ್ಣಾದ ಪರದೆಯಲ್ಲೂ ಅವುಗಳ ಬಣ್ಣ ಉಳಿದಿತ್ತು. ಎಡಗಾಲಿನದು ತುಸು ಹೊರಳಿತ್ತು.

"ನಾ ಇದನ್ನ ನೋಡೇ ಇಲ್ಲಲ್ರಿ," ಎಂದ ಶಿದ್ರಾಮ ಹತ್ತಿರ ಬಂದು. "ಯಾರ ಚಪ್ಪಲಿ ಇವು?"

ವಿಮಾನ ಹೊತ್ತವರು ಹೆಗಲು ಬದಲಿಸಿ ಹೆಜ್ಜೆ ಇಟ್ಟಿದ್ದರು, ತಾಳ ಮತ್ತೆ ಶುರುವಾಗಿತ್ತು. ಮಾಯವ್ವ ಕೊಟ್ಟಿಗೆಯ ಮೂಲೆಗೆ ಹೋಗಿ, ಹೆಗಲಿಗೇರಲು ಸಿದ್ಧವಾಗಿದ್ದ ಗಂಟನ್ನು ಬಿಚ್ಚಿದಳು. ಚಪ್ಪಲಿಗಳನ್ನು ಹೊರಗೆ ತೆಗೆದು ಗಂಟನ್ನು ಮತ್ತೆ ಬಿಗಿದು ಕಳಿಸಿದಳು. ಹಾಗೆ ಇಟ್ಟುಕೊಳ್ಳಬಾರದು ಎಂದು ಹಿರಿಯಳೊಬ್ಬಳು ಅಂದದ್ದು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಮೆರವಣಿಗೆ ಓಣಿಯ ಬೇವಿನ ಮರ ದಾಟಿತು. ಭಾಗ್ಯಾ ನೀರು ಸುರಿದು ಅಂಗಳ ತೊಳೆಯತೊಡಗಿದಳು. ದಪ್ಪ ಹನಿ ಒಂದೊಂದಾಗಿ ಬಿದ್ದವು. ಮಾಯವ್ವ ಮನೆಯ ಹಸಿರು ಬಾಗಿಲ ಮುಂದೆ ಬಗ್ಗಿ, ಮೆಟ್ಟಿಲ ಮೇಲೆ ಚಪ್ಪಲಿ ಇಟ್ಟಳು. ಎರಡು ಹೆಜ್ಜೆ ಹಿಂದೆ ಸರಿದು, ಕುತ್ತಿಗೆ ಎಡಕ್ಕೆ ವಾಲಿಸಿ ನೋಡಿದಳು. ಆಮೇಲೆ ಮತ್ತೆ ಬಗ್ಗಿ, ಎಡಗಾಲಿನದನ್ನು ತುಸು ಹೊರಳಿಸಿದಳು.